ಕಹಳೆಗಾರ ಲೂಯಿ ಆರ್ಮ್‌ಸ್ಟ್ರಾಂಗ್

ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಭಾಗದಲ್ಲಿ, ಮಿಸಿಸಿಪ್ಪಿ ಮಹಾನದಿ ಸಮುದ್ರವನ್ನು ಸೇರುವುದಕ್ಕೆ ಸ್ವಲ್ಪ ಮೊದಲು, ನ್ಯೂ ಆರ್ಲಿಯನ್ಸ್ ಎಂಬ ನಗರವಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆ ನಗರದ ಬೀದಿಗಳಲ್ಲಿ ಹಗಲಿರುಳೆನ್ನದೆ ಸಂಗೀತ ಕೇಳಿಬರುತ್ತಿತ್ತು. ಕುಣಿತಕ್ಕೆ ವಾದ್ಯ, ಮೆರವಣಿಗೆಗೆ ವಾದ್ಯ. ಸತ್ತವರನ್ನು ಮಸಣಕ್ಕೆ ಒಯ್ಯುವಾಗಲೂ ವಾದ್ಯ. ಆಫ್ರಿಕದಿಂದ ಗುಲಾಮರಾಗಿ ಬಂದವರ ಮಕ್ಕಳು ಮೊಮ್ಮಕ್ಕಳು ತಮ್ಮ ದುಡಿಮೆಯ ಹಾಡು, ಚರ್ಚಿನ ಭಜನೆ, ಸೇನೆಯ ಬ್ಯಾಂಡು ಇವನ್ನೆಲ್ಲ ಬೆರೆಸಿ ಅಲ್ಲಿ ಹೊಸ ಸಂಗೀತವೊಂದನ್ನು ರೂಪಿಸುತ್ತಿದ್ದರು. ಅದಕ್ಕೆ ಮುಂದೆ ಜಾಜ್ ಎಂಬ ಹೆಸರಾಯಿತು.

ಜಾಜ್ ಸಂಗೀತದಲ್ಲಿ ಬರೆದಿಟ್ಟ ಸ್ವರಗಳಿಗಿಂತ ವಾದಕನು ನುಡಿಸುವ ಗಳಿಗೆಯಲ್ಲಿ ಕಲ್ಪಿಸಿದ ಸ್ವರಗಳಿಗೇ ಹೆಚ್ಚಿನ ಬೆಲೆ. ನಮ್ಮ ವಿದ್ವಾಂಸರು ಮನೋಧರ್ಮವೆಂದು ಕರೆಯುವ ಗುಣವೇ ಅದರ ಜೀವಾಳ. ಆದರೆ ಹಾಗೆ ಹುಟ್ಟಿದ ಸಂಗೀತ ಹುಟ್ಟಿದ ಗಳಿಗೆಯಲ್ಲೇ ಗಾಳಿಯಲ್ಲಿ ಕರಗಿಹೋಗುತ್ತದೆ. ನ್ಯೂ ಆರ್ಲಿಯನ್ಸಿನಲ್ಲಿ ಬಡಿ ಬೋಲ್ಡನ್ ಎಂಬ ಪ್ರಚಂಡ ವಾದಕನಿದ್ದನು. ಜಾಜ್ ಸಂಗೀತದ ಮೂಲಪುರುಷರಲ್ಲಿ ಅವನನ್ನು ಮೊದಲು ಹೆಸರಿಸುತ್ತಾರೆ. ಅವನು ಮನೋರೋಗಕ್ಕೆ ತುತ್ತಾಗಿ 1907ರಲ್ಲಿ ಆಸ್ಪತ್ರೆಯನ್ನು ಸೇರಿ, ಅಲ್ಲಿಯೇ 1931ರಲ್ಲಿ ತೀರಿಕೊಂಡನು. ಅವನ ಒಂದು ಸ್ವರವೂ ಧ್ವನಿಮುದ್ರಣವಾಗಿ ಉಳಿದಿಲ್ಲ. ಅದೇ ಊರಿನ, ಅವನಿಗಿಂತ ಬಡವನಾದ ಹುಡುಗನೊಬ್ಬನ ಉಸಿರು ಮಾತ್ರ ಗ್ರಾಮಫೋನ್ ತಟ್ಟೆಗಳಲ್ಲಿ ಉಳಿದು ಜಗತ್ತಿನ ಸಂಗೀತದ ದಿಕ್ಕನ್ನೇ ಬದಲಿಸಿತು. ಅವನೇ ಲೂಯಿ ಆರ್ಮ್‌ಸ್ಟ್ರಾಂಗ್.

ಲೂಯಿ 1901ನೆಯ ಇಸವಿ ಆಗಸ್ಟ್ 4ರಂದು ಹುಟ್ಟಿದನು. ಅವನಾದರೋ ತನ್ನ ಜನ್ಮದಿನ 1900ರ ಜುಲೈ 4 ಎಂದೇ ಬದುಕಿನುದ್ದಕ್ಕೂ ಹೇಳಿಕೊಳ್ಳುತ್ತಿದ್ದನು. ಸರಿಯಾದ ದಿನಾಂಕವಿದ್ದ ಚರ್ಚಿನ ದಾಖಲೆ ಸಿಕ್ಕಿದ್ದು ಅವನು ಸತ್ತು ಎಷ್ಟೋ ವರ್ಷಗಳಾದ ಮೇಲೆ. ಮಗು ಕೂಸಾಗಿದ್ದಾಗಲೇ ತಂದೆ ಸಂಸಾರವನ್ನು ತೊರೆದು ಹೋದನು. ತಾಯಿ ಮೇರಿ ಆನ್ ಕೂಲಿನಾಲಿ ಮಾಡಿ ಮಕ್ಕಳನ್ನು ಸಾಕಬೇಕಾಯಿತು. ಕೆಲವು ವರ್ಷ ಅಜ್ಜಿಯ ಆಸರೆ ದೊರೆಯಿತು.

ಆ ಕೇರಿಯಲ್ಲಿ ಕಾರ್ನಾಫ್‌ಸ್ಕಿ ಎಂಬ ಯೆಹೂದಿ ಕುಟುಂಬವೊಂದಿತ್ತು. ದೂರದ ಲಿಥುವೇನಿಯದಿಂದ ವಲಸೆ ಬಂದಿದ್ದ ಅವರು ಗಾಡಿಯಲ್ಲಿ ಕಲ್ಲಿದ್ದಲು ಮಾರಿ, ಹಳೆಯ ಸಾಮಾನು ಕೊಂಡು ಜೀವಿಸುತ್ತಿದ್ದರು. ಬಾಲಕ ಲೂಯಿ ಅವರ ಗಾಡಿಯ ಮೇಲೆ ಕುಳಿತು ತಗಡಿನ ತುತ್ತೂರಿಯೊಂದನ್ನು ಊದಿ ಗಿರಾಕಿಗಳನ್ನು ಕರೆಯುತ್ತಿದ್ದನು. ಒಂದು ದಿನ ಗಿರವಿ ಅಂಗಡಿಯಲ್ಲಿ ಅವನು ಹಳೆಯ ಕಾರ್ನೆಟ್ ಒಂದನ್ನು ಕಂಡನು. ಕಾರ್ನೆಟ್ ಎಂದರೆ ಮೂರು ಗುಂಡಿಗಳಿರುವ ಹಿತ್ತಾಳೆಯ ಗಿಡ್ಡ ಕಹಳೆ. ಬೆಲೆ 5 ಡಾಲರ್. ಮನೆಯವರು ಮುಂಗಡ ಹಣ ಕೊಟ್ಟು ಅದನ್ನು ಕೊಳ್ಳಲು ನೆರವಾದರು. ಆ ಮನೆಯಲ್ಲಿ ಉಂಡ ಅನ್ನವನ್ನೂ ಕೇಳಿದ ಜೋಗುಳವನ್ನೂ ಲೂಯಿ ಮರೆಯಲಿಲ್ಲ. ಯೆಹೂದಿಯರ ಆರು ಮೂಲೆಯ ನಕ್ಷತ್ರದ ಪದಕ ಮುಂದೆ ಬಹುಕಾಲ ಅವನ ಕೊರಳಲ್ಲಿತ್ತು.

1912ರ ಡಿಸೆಂಬರ್ 31ರ ರಾತ್ರಿ ಊರು ಹೊಸ ವರ್ಷದ ಸಡಗರದಲ್ಲಿತ್ತು. ಹುಡುಗ ಲೂಯಿ ಮನೆಯಲ್ಲಿದ್ದ ಪಿಸ್ತೂಲನ್ನು ತಂದು ಬೀದಿಯಲ್ಲಿ ಆಕಾಶಕ್ಕೆ ಗುಂಡು ಹಾರಿಸಿದನು. ಪೊಲೀಸರು ಅವನನ್ನು ಅಲ್ಲಿಯೇ ಹಿಡಿದರು. ನ್ಯಾಯಾಲಯ ಅವನನ್ನು ಕಪ್ಪು ಜನಾಂಗದ ಅನಾಥ ಬಾಲಕರಿಗಾಗಿ ಇದ್ದ ಸುಧಾರಣಾಲಯಕ್ಕೆ ಕಳುಹಿಸಿತು. ಶಿಕ್ಷೆಯೆಂದು ತೋರಿದ ಇದು ಅವನ ಪಾಲಿಗೆ ಗುರುಕುಲವಾಯಿತು. ಅಲ್ಲಿ ಬಾಲಕರ ಬ್ಯಾಂಡನ್ನು ನಡೆಸುತ್ತಿದ್ದ ಪೀಟರ್ ಡೇವಿಸ್ ಮೊದಮೊದಲು ಈ ತುಂಟನನ್ನು ಹತ್ತಿರ ಸೇರಿಸಲಿಲ್ಲ. ಕ್ರಮೇಣ ಅವನ ಕೈಗೆ ಒಂದು ವಾದ್ಯ, ಅನಂತರ ಮತ್ತೊಂದು ವಾದ್ಯ ಕೊಟ್ಟು, ಕೊನೆಗೆ ಕಾರ್ನೆಟ್ಟನ್ನೇ ಕೊಟ್ಟು ಬ್ಯಾಂಡಿನ ನಾಯಕನನ್ನಾಗಿ ಮಾಡಿದನು. 1914ರಲ್ಲಿ ಲೂಯಿ ಹೊರಬಂದಾಗ ಅವನಿಗೆ ಒಂದು ವಿದ್ಯೆ ಕೈವಶವಾಗಿತ್ತು.

ಹಗಲು ಕಲ್ಲಿದ್ದಲ ಗಾಡಿ, ರಾತ್ರಿ ಕುಣಿತದ ಮನೆಗಳಲ್ಲಿ ವಾದನ. ಹೀಗೆ ಕೆಲವು ವರ್ಷಗಳು ಸಂದವು. ಊರಿನ ಹೆಸರಾಂತ ಕಾರ್ನೆಟ್ ವಾದಕ ಜೋ ಆಲಿವರ್ ಈ ತರುಣನನ್ನು ಮಗನಂತೆ ನೋಡಿಕೊಂಡನು, ತಾನು ನುಡಿಸಿದ್ದ ಕಾರ್ನೆಟ್ಟನ್ನೇ ಕೊಟ್ಟನು. ಆಲಿವರ್ 1918ರಲ್ಲಿ ಉತ್ತರದ ಷಿಕಾಗೋ ನಗರಕ್ಕೆ ಹೋದನು. ಲೂಯಿ ಮಿಸಿಸಿಪ್ಪಿಯ ಹಬೆದೋಣಿಗಳ ವಾದ್ಯಮೇಳವನ್ನು ಸೇರಿ ಸ್ವರಲಿಪಿಯನ್ನು ಓದುವುದನ್ನು ಚೆನ್ನಾಗಿ ಕಲಿತನು. 1922ರ ಆಗಸ್ಟಿನಲ್ಲಿ ಗುರುವಿನಿಂದ ಕರೆ ಬಂದಿತು. ತಾಯಿ ಕಟ್ಟಿಕೊಟ್ಟ ಬುತ್ತಿಯೊಂದಿಗೆ ಅವನು ಷಿಕಾಗೋ ರೈಲನ್ನು ಹತ್ತಿದನು. ದಕ್ಷಿಣದ ಹೊಲಗಳಲ್ಲಿಯ ದುಡಿಮೆಯನ್ನೂ ಅವಮಾನವನ್ನೂ ಬಿಟ್ಟು ಕಾರ್ಖಾನೆಗಳ ಕೂಲಿಯನ್ನು ಅರಸಿ ಲಕ್ಷಾಂತರ ಮಂದಿ ಕಪ್ಪು ಜನರು ಉತ್ತರದ ನಗರಗಳಿಗೆ ಹೋಗುತ್ತಿದ್ದ ಕಾಲವದು. ಸಂಗೀತವೂ ಅವರೊಡನೆ ಅದೇ ರೈಲುಗಳಲ್ಲಿ ಹೋಯಿತು.

1923ರ ಏಪ್ರಿಲ್ ತಿಂಗಳಿನಲ್ಲಿ ಆಲಿವರನ ತಂಡ ಇಂಡಿಯಾನ ರಾಜ್ಯದ ರಿಚ್‌ಮಂಡ್ ಎಂಬ ಊರಿಗೆ ಹೋಗಿ ಜೆನೆಟ್ ಕಂಪನಿಗಾಗಿ ನುಡಿಸಿತು. ಅಂದಿನ ಧ್ವನಿಮುದ್ರಣದ ರೀತಿಯನ್ನು ಇಲ್ಲಿ ತಿಳಿದುಕೊಳ್ಳಬೇಕು. ಮೈಕ್ ಇಲ್ಲ, ವಿದ್ಯುತ್ತಿನ ನೆರವಿಲ್ಲ. ಗೋಡೆಯಲ್ಲಿ ದೊಡ್ಡ ಲೋಹದ ಆಲಿಕೆಯೊಂದು ಚಾಚಿಕೊಂಡಿರುತ್ತಿತ್ತು. ವಾದಕರು ಅದರ ಬಾಯಿಗೆ ಎದುರಾಗಿ ನಿಂತು ನುಡಿಸಿದರೆ ಆ ನಾದದ ಬಲದಿಂದಲೇ ಸೂಜಿ ಅದುರಿ, ತಿರುಗುತ್ತಿರುವ ಮೇಣದ ತಟ್ಟೆಯ ಮೇಲೆ ಗೀರು ಕೊರೆಯುತ್ತಿತ್ತು. ಮದ್ದಳೆಯಂಥ ವಾದ್ಯದ ಪೆಟ್ಟು ಜೋರಾದರೆ ಸೂಜಿಯೇ ಕುಪ್ಪಳಿಸಿಬಿಡುತ್ತಿತ್ತು. ತಪ್ಪಿದರೆ ತಿದ್ದುವಂತಿಲ್ಲ; ಹೊಸ ಮೇಣ, ಮತ್ತೆ ಮೊದಲಿನಿಂದ ವಾದನ. ಕಟ್ಟಡದ ಪಕ್ಕದಲ್ಲೇ ರೈಲುದಾರಿ ಇದ್ದುದರಿಂದ ರೈಲು ಬಂದಾಗಲೆಲ್ಲ ಕೆಲಸ ನಿಲ್ಲಬೇಕಾಗಿತ್ತು. ಇಂಥ ಕೋಣೆಯಲ್ಲಿ ಲೂಯಿಯ ನಾದ ಗುರುವಿನ ನಾದವನ್ನು ಮುಚ್ಚಿಹಾಕತೊಡಗಿತು. ಅದಕ್ಕಾಗಿ ಅವನನ್ನು ಎಲ್ಲರಿಗಿಂತ ಹಿಂದೆ, ದೂರದ ಮೂಲೆಯಲ್ಲಿ ನಿಲ್ಲಿಸಬೇಕಾಯಿತೆಂದು ತಂಡದ ಪಿಯಾನೋ ವಾದಕಿ ಲಿಲ್ ಹಾರ್ಡಿನ್ ಮುಂದೆ ನೆನಪಿಸಿಕೊಂಡಿದ್ದಾಳೆ.

ಲಿಲ್ ಓದಿದವಳು, ಧೈರ್ಯವಂತೆ. 1924ರಲ್ಲಿ ಅವಳು ಲೂಯಿಯನ್ನು ಮದುವೆಯಾದಳು. ಗುರುವಿನ ನೆರಳಿನಲ್ಲಿಯೇ ಇದ್ದರೆ ಈತ ಎಂದೆಂದಿಗೂ ಎರಡನೆಯವನಾಗಿಯೇ ಉಳಿಯುತ್ತಾನೆಂದು ಅವಳಿಗೆ ತಿಳಿದಿತ್ತು. ಅವಳ ಒತ್ತಾಯದಿಂದ ಅವನು ಆಲಿವರನನ್ನು ಬಿಟ್ಟು ನ್ಯೂಯಾರ್ಕಿನ ಫ್ಲೆಚರ್ ಹೆಂಡರ್‌ಸನ್ನನ ವಾದ್ಯಮೇಳದಲ್ಲಿ ಒಂದು ವರ್ಷ ನುಡಿಸಿ, 1925ರಲ್ಲಿ ಷಿಕಾಗೋಗೆ ಮರಳಿದನು.

ಆ ವರ್ಷದ ನವೆಂಬರ್ 12ರಂದು ಒಕೆ ಎಂಬ ಕಂಪನಿಗಾಗಿ ಐವರು ಒಂದುಗೂಡಿದರು. ಕಾರ್ನೆಟ್ಟಿಗೆ ಲೂಯಿ, ಪಿಯಾನೋಕ್ಕೆ ಲಿಲ್, ಟ್ರಾಂಬೋನಿಗೆ ಕಿಡ್ ಓರಿ, ಕ್ಲಾರಿನೆಟ್ಟಿಗೆ ಜಾನಿ ಡಾಡ್ಸ್, ಬ್ಯಾಂಜೋಕ್ಕೆ ಜಾನಿ ಸೇಂಟ್ ಸೀರ್. ತಂಡದ ಹೆಸರು ಹಾಟ್ ಫೈವ್. 1927ರಲ್ಲಿ ಇನ್ನಿಬ್ಬರು ಸೇರಿದಾಗ ಅದು ಹಾಟ್ ಸೆವೆನ್ ಆಯಿತು. ಈ ತಂಡ ಸಭೆಗಳಲ್ಲಿ ನುಡಿಸಿದ್ದು ತೀರ ಅಪರೂಪ. ಅದು ಇದ್ದದ್ದೇ ತಟ್ಟೆಗಳಿಗಾಗಿ. ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷದ ಸಂಗೀತ. ನಮ್ಮ ನಾಡಿನ ಗಾಯಕರೂ ಆ ದಿನಗಳಲ್ಲಿ ಗಂಟೆಗಟ್ಟಲೆ ಹಾಡುವ ರಾಗವನ್ನು ಇಷ್ಟೇ ಅವಧಿಗೆ ಇಳಿಸಿ ಗ್ರಾಮಫೋನಿಗೆ ಹಾಡುತ್ತಿದ್ದರು. ಇಕ್ಕಟ್ಟು ಕೆಲವರನ್ನು ಕುಗ್ಗಿಸಿತು, ಲೂಯಿಯನ್ನು ಹರಿತಗೊಳಿಸಿತು.

ಅದುವರೆಗೆ ನ್ಯೂ ಆರ್ಲಿಯನ್ಸಿನ ಸಂಗೀತದಲ್ಲಿ ಎಲ್ಲರೂ ಒಟ್ಟಿಗೆ ನುಡಿಸುವುದು ವಾಡಿಕೆಯಾಗಿತ್ತು. ಲೂಯಿ ಆ ಗುಂಪಿನ ನಡುವಿನಿಂದ ಒಂಟಿ ದನಿಯೊಂದನ್ನು ಮೇಲೆತ್ತಿದನು. ತಾಳದ ಪೆಟ್ಟಿಗಿಂತ ಕೂದಲೆಳೆಯಷ್ಟು ಹಿಂದೆ ಬಿದ್ದು, ಮತ್ತೆ ಚಿಮ್ಮಿ, ಕೇಳುವವರ ಕಾಲು ತಾನಾಗಿ ಕುಣಿಯುವಂತೆ ಅವನು ಲಯವನ್ನು ತೂಗಿದನು. 1926ರ ಒಂದು ತಟ್ಟೆಯಲ್ಲಿ ಅವನು ಸಾಹಿತ್ಯವನ್ನು ಬಿಟ್ಟು ಅರ್ಥವಿಲ್ಲದ ಅಕ್ಷರಗಳಲ್ಲಿಯೇ ಹಾಡನ್ನು ಬೆಳೆಸಿದನು. ಹಾಡಿನ ಕಾಗದ ಕೈಜಾರಿ ಬಿದ್ದುದರಿಂದ ಹಾಗಾಯಿತೆಂಬ ಕಥೆಯುಂಟು. ಕಥೆ ಸೊಗಸಾಗಿದೆ, ಆದರೆ ಅಂಥ ಗಾಯನ ಅದಕ್ಕೂ ಮೊದಲೇ ಇತ್ತು. ಜನರ ನಾಲಗೆಯ ಮೇಲೆ ಅದನ್ನು ಕುಣಿಸಿದವನು ಲೂಯಿ ಎಂಬುದು ಮಾತ್ರ ನಿಜ. 1928ರ ಜೂನ್ 28ರಂದು ಪಿಯಾನೋ ವಾದಕ ಅರ್ಲ್ ಹೈನ್ಸ್ ಮೊದಲಾದವರೊಡನೆ ಅವನು ವೆಸ್ಟ್ ಎಂಡ್ ಬ್ಲೂಸ್ ಎಂಬ ಕೃತಿಯನ್ನು ಮುದ್ರಿಸಿದನು. ಅಷ್ಟು ಹೊತ್ತಿಗೆ ಕಾರ್ನೆಟ್ಟಿನ ಬದಲು ಅದರ ಅಣ್ಣನಂತಿರುವ ಟ್ರಂಪೆಟ್ ಅವನ ಕೈಗೆ ಬಂದಿತ್ತು. ಅದು ಒಂಟಿಯಾಗಿ, ಯಾವ ಜೊತೆವಾದ್ಯವೂ ಇಲ್ಲದೆ ಆಕಾಶಕ್ಕೆ ಏರಿ ಇಳಿಯುವ ಆರಂಭದ ಆ ಕೆಲವು ಕ್ಷಣಗಳನ್ನು ಮುಂದಿನ ತಲೆಮಾರುಗಳ ವಾದಕರು ಪಾಠದಂತೆ ಬಾಯಿಪಾಠ ಮಾಡಿದರು.

ಈ ತಟ್ಟೆಗಳನ್ನು ಕಂಪನಿ ಕಪ್ಪು ಜನಾಂಗದ ಗಿರಾಕಿಗಳಿಗೆಂದೇ ಇದ್ದ ಪ್ರತ್ಯೇಕ ಸಾಲಿನಲ್ಲಿ ಮಾರುತ್ತಿತ್ತು. ಆದರೆ ನಾದಕ್ಕೆ ಕೇರಿಯ ಗಡಿ ಉಂಟೆ? ಬಿಳಿಯ ತರುಣರೂ, ಸಮುದ್ರದಾಚೆಯ ಯುರೋಪಿನವರೂ ಅವನ್ನು ಹುಡುಕಿ ಕೊಂಡರು. 1932ರಲ್ಲಿ ಲೂಯಿ ಲಂಡನ್ನಿಗೆ ಹೋದಾಗ ಅವನ ತಟ್ಟೆಗಳು ಅವನಿಗಿಂತ ಮೊದಲೇ ಅಲ್ಲಿಗೆ ತಲುಪಿದ್ದವು. ಚೀಲಬಾಯಿ ಎಂಬರ್ಥದ ಅವನ ಅಡ್ಡಹೆಸರು ಸ್ಯಾಚ್ಮೋ ಎಂದು ನೆಲೆಗೊಂಡದ್ದೂ ಅಲ್ಲಿಯೇ.

ಗುರು ಆಲಿವರನ ಗತಿ ಬೇರೆಯಾಯಿತು. ಹಲ್ಲು ವಸಡುಗಳ ರೋಗದಿಂದ ಅವನಿಗೆ ಊದಲು ಆಗದಾಯಿತು. ಕೂಡಿಟ್ಟ ಹಣ ಕರಗಿತು. ಜಾರ್ಜಿಯ ರಾಜ್ಯದ ಸವಾನ್ನಾ ಊರಿನಲ್ಲಿ ತರಕಾರಿ ಮಾರುತ್ತಿದ್ದ ಅವನನ್ನು ಕಂಡ ಲೂಯಿ ಮತ್ತು ಸಂಗಡಿಗರು ತಮ್ಮ ಜೇಬಿನಲ್ಲಿದ್ದುದನ್ನು ಅವನಿಗೆ ಕೊಟ್ಟರು. ಆಲಿವರ್ 1938ರಲ್ಲಿ ಬಡತನದಲ್ಲಿಯೇ ಕಣ್ಣುಮುಚ್ಚಿದನು.

ಆಲ್ಬಮ್ ಎಂಬ ಮಾತು ಸಂಗೀತಕ್ಕೆ ಬಂದ ಬಗೆ ಸ್ವಾರಸ್ಯವಾದುದು. ಮೂರು ನಿಮಿಷದ ತಟ್ಟೆಗಳನ್ನು ಭಾವಚಿತ್ರಗಳ ಪುಸ್ತಕದಂತೆ ದಪ್ಪ ರಟ್ಟಿನ ಹೊತ್ತಗೆಯಲ್ಲಿ ಜೋಡಿಸಿ ಮಾರುತ್ತಿದ್ದರು. ಹೊತ್ತಗೆಯ ಹೆಸರೇ ಅದರೊಳಗಿನ ಸಂಗೀತದ ಹೆಸರಾಯಿತು. ಅಂಗಡಿಗಳಿಂದ ಮರೆಯಾಗಿದ್ದ ಹಾಟ್ ಫೈವ್ ತಟ್ಟೆಗಳನ್ನು ಜಾರ್ಜ್ ಅವಾಕಿಯನ್ ಎಂಬ ಕಾಲೇಜು ವಿದ್ಯಾರ್ಥಿ 1940ರಲ್ಲಿ ಕೊಲಂಬಿಯ ಕಂಪನಿಗಾಗಿ ಆರಿಸಿ ಇಂಥ ಆಲ್ಬಮ್ಮಾಗಿ ಹೊರತಂದನು. 1948ರಲ್ಲಿ ಅದೇ ಕಂಪನಿ ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ಹಿಡಿಸುವ ಲಾಂಗ್ ಪ್ಲೇ ತಟ್ಟೆಯನ್ನು ಬಳಕೆಗೆ ತಂದಿತು. 1954ರಲ್ಲಿ ಲೂಯಿ ಅಂಥ ತಟ್ಟೆಗಾಗಿ ಡಬ್ಲ್ಯು. ಸಿ. ಹ್ಯಾಂಡಿಯ ಕೃತಿಗಳನ್ನು ನುಡಿಸಿದನು. ಅದನ್ನು ನಿರ್ಮಿಸಿದವನೂ ಅವಾಕಿಯನ್ನನೇ. 1956ರಲ್ಲಿ ಗಾಯಕಿ ಎಲಾ ಫಿಟ್ಸ್‌ಜೆರಲ್ಡಳೊಡನೆ ಹನ್ನೊಂದು ಹಾಡುಗಳ ಆಲ್ಬಮ್ಮೊಂದನ್ನು ಒಂದೇ ದಿನದಲ್ಲಿ ಮುಗಿಸಿದನು. ಜೇನಿನಂಥ ಅವಳ ಕಂಠ, ಜಲ್ಲಿಕಲ್ಲಿನಂಥ ಅವನ ಕಂಠ. ಅಂಥ ಜೋಡಿ ಅಪರೂಪವೆನ್ನಬೇಕು.

ಕೀರ್ತಿ ಬಂದರೂ ಬಣ್ಣದ ಬೇಲಿ ಸರಿಯಲಿಲ್ಲ. ತಾನು ಹಾಡಿ ರಂಜಿಸಿದ ಎಷ್ಟೋ ಹೋಟೆಲುಗಳಲ್ಲಿ ಅವನಿಗೆ ತಂಗಲು ಕೋಣೆ ಸಿಗುತ್ತಿರಲಿಲ್ಲ. ಕಪ್ಪು ಜನರೂ ಬಿಳಿಯರೂ ಒಂದೇ ವೇದಿಕೆಯಲ್ಲಿ ನುಡಿಸಬಾರದೆಂದು ಅವನ ತವರು ರಾಜ್ಯವಾದ ಲೂಯಿಸಿಯಾನ 1956ರಲ್ಲಿ ಕಾನೂನು ಮಾಡಿದಾಗ, ಅವನು ಹುಟ್ಟೂರಿನಲ್ಲಿ ನುಡಿಸುವುದನ್ನೇ ಬಿಟ್ಟನು. ಆದರೂ ವೇದಿಕೆಯ ಮೇಲೆ ಅವನ ಅಗಲವಾದ ನಗೆ ಮಾಸಲಿಲ್ಲ. ಬಿಳಿಯರನ್ನು ಮೆಚ್ಚಿಸಲು ಹಲ್ಲು ಕಿರಿಯುವವನೆಂದು ಕಿರಿಯ ಕಪ್ಪು ಸಂಗೀತಗಾರರು ಅವನನ್ನು ಹಳಿದರು.

1957ರ ಸೆಪ್ಟೆಂಬರಿನಲ್ಲಿ ಲಿಟಲ್ ರಾಕ್ ನಗರದ ಪ್ರೌಢಶಾಲೆಗೆ ಒಂಬತ್ತು ಮಂದಿ ಕಪ್ಪು ವಿದ್ಯಾರ್ಥಿಗಳು ಸೇರದಂತೆ ಅರ್ಕಾನ್ಸಾಸ್ ರಾಜ್ಯಪಾಲನು ಸಶಸ್ತ್ರ ಕಾವಲುಪಡೆಯನ್ನು ನಿಲ್ಲಿಸಿದನು. ಸರ್ಕಾರದ ಪರವಾಗಿ ಸೋವಿಯತ್ ದೇಶಕ್ಕೆ ಹೋಗುವ ಪ್ರಸ್ತಾಪ ಆಗ ಲೂಯಿಯ ಮುಂದಿತ್ತು. ಪತ್ರಕರ್ತನೊಬ್ಬನ ಎದುರಿಗೆ ಅವನು ರಾಜ್ಯಪಾಲನನ್ನು ಕಟುವಾಗಿ ನಿಂದಿಸಿ, ಅಧ್ಯಕ್ಷ ಐಸೆನ್‌ಹೋವರನಿಗೆ ಕೆಚ್ಚಿಲ್ಲವೆಂದು ಹೇಳಿ, ತನ್ನ ಜನರನ್ನು ಹೀಗೆ ನಡೆಸಿಕೊಳ್ಳುವ ಸರ್ಕಾರದ ದೂತನಾಗಿ ತಾನು ಹೋಗಲಾರೆನೆಂದು ಸಾರಿದನು. ದೇಶವೇ ಬೆಚ್ಚಿತು. ಅವನ ಕಛೇರಿಗಳನ್ನೂ ತಟ್ಟೆಗಳನ್ನೂ ಬಹಿಷ್ಕರಿಸಬೇಕೆಂಬ ಕೂಗೆದ್ದಿತು. ಸಂಗಡಿದ್ದವರು ಮಾತನ್ನು ತೇಲಿಸಿಬಿಡಲು ನೋಡಿದರು. ಲೂಯಿ ಒಂದು ಅಕ್ಷರವನ್ನೂ ಹಿಂತೆಗೆದುಕೊಳ್ಳಲಿಲ್ಲ. ಕೆಲವೇ ದಿನಗಳಲ್ಲಿ ಅಧ್ಯಕ್ಷನು ಸೈನ್ಯವನ್ನು ಕಳುಹಿಸಿ ಆ ಮಕ್ಕಳನ್ನು ಶಾಲೆಯೊಳಕ್ಕೆ ಸೇರಿಸಿದಾಗ, ಮೆಚ್ಚಿ ತಂತಿ ಕಳುಹಿಸಿದವರಲ್ಲಿ ಲೂಯಿಯೂ ಒಬ್ಬನು. ಅವನ ನಗೆಯನ್ನು ಹಳಿದಿದ್ದ ಡಿಜ್ಜಿ ಗಿಲೆಸ್ಪಿ ತಾನು ಅದನ್ನು ಅರ್ಥಮಾಡಿಕೊಂಡಿರಲಿಲ್ಲವೆಂದು ಬಹುಕಾಲದ ಮೇಲೆ ಆತ್ಮಕಥೆಯಲ್ಲಿ ಬರೆದನು. 1964ರ ನಾಗರಿಕ ಹಕ್ಕುಗಳ ಕಾಯಿದೆಯ ತರುವಾಯ, 1965ರಲ್ಲಿ, ಲೂಯಿ ಮತ್ತೆ ನ್ಯೂ ಆರ್ಲಿಯನ್ಸಿನಲ್ಲಿ ನುಡಿಸಿದನು.

1964ರ ಮೇ ತಿಂಗಳಿನಲ್ಲಿ, 62ರ ವಯಸ್ಸಿನಲ್ಲಿ, ಅವನ ಹಲೋ ಡಾಲಿ ಎಂಬ ಹಾಡು ಬೀಟಲ್ಸ್ ತರುಣರ ಹಾಡನ್ನು ಹಿಂದಿಕ್ಕಿ ಅಮೆರಿಕದ ಮಾರಾಟದ ಪಟ್ಟಿಯಲ್ಲಿ ಮೊದಲನೆಯದಾಯಿತು. 1943ರಲ್ಲಿ ಹೆಂಡತಿ ಲುಸಿಲ್ ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿ ಕೊಂಡಿದ್ದ ಸಾಧಾರಣ ಮನೆಯನ್ನು ಮಾತ್ರ ಅವನು ಬಿಡಲಿಲ್ಲ. ಅಲ್ಲಿ ಅವನ ಪ್ರಿಯವಾದ ಹವ್ಯಾಸವೆಂದರೆ ಟೇಪ್ ರೆಕಾರ್ಡರ್. ಗೆಳೆಯರ ಹರಟೆ, ನಗೆಚಾಟಿಕೆ, ತನ್ನ ಅಭ್ಯಾಸ ಎಲ್ಲವನ್ನೂ ಮುದ್ರಿಸಿ, ಡಬ್ಬಗಳ ಮೇಲೆ ಬಣ್ಣದ ಚಿತ್ರಗಳನ್ನು ಕತ್ತರಿಸಿ ಅಂಟಿಸುತ್ತಿದ್ದನು. ಅಂಥ ನೂರಾರು ಸುರುಳಿಗಳು ಉಳಿದಿವೆ. ಕೆಲವದರಲ್ಲಿ ಅವನು ಆಲಿವರನ 1923ರ ತಟ್ಟೆಗಳನ್ನು ಹಾಕಿಕೊಂಡು, ಸತ್ತ ಗುರುವಿನ ಜೊತೆಗೆ ತಾನೂ ನುಡಿಸಿದ್ದಾನೆ. 1971ರ ಜುಲೈ 6ರಂದು ಆ ಮನೆಯಲ್ಲಿಯೇ ನಿದ್ದೆಯಲ್ಲಿ ಅವನ ಪ್ರಾಣ ಹೋಯಿತು. 2003ರಲ್ಲಿ ಆ ಮನೆಯನ್ನು ವಸ್ತುಸಂಗ್ರಹಾಲಯವಾಗಿ ತೆರೆದರು.

1977ರಲ್ಲಿ ಅಮೆರಿಕ ವಾಯೇಜರ್ ಎಂಬ ಎರಡು ನೌಕೆಗಳನ್ನು ದೂರದ ಗ್ರಹಗಳತ್ತ ಹಾರಿಸಿತು. ಭೂಮಿಯ ಧ್ವನಿಗಳನ್ನು ಕೊರೆದ, ಚಿನ್ನದ ಲೇಪವಿರುವ ತಾಮ್ರದ ತಟ್ಟೆಯೊಂದು ಪ್ರತಿಯೊಂದರಲ್ಲಿಯೂ ಇದೆ. ಅದರಲ್ಲಿ ಹಾಟ್ ಸೆವೆನ್ ತಂಡ 1927ರಲ್ಲಿ ಷಿಕಾಗೋದಲ್ಲಿ ನುಡಿಸಿದ ಮೆಲಂಕಲಿ ಬ್ಲೂಸ್ ಇದೆ; ನಮ್ಮ ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿಯೂ ಇದೆ. ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು ಹಾಡಿದ ಜೈಪುರ ಅತ್ರೌಲಿ ಘರಾಣೆಯೇ ಕೇಸರಬಾಯಿಯದೂ. ಮೊದಲನೆಯ ವಾಯೇಜರ್ 2012ರಲ್ಲಿ ಸೂರ್ಯನ ಗಾಳಿಯ ಎಲ್ಲೆಯನ್ನು ದಾಟಿ ನಕ್ಷತ್ರಗಳ ನಡುವಣ ಬಯಲನ್ನು ಹೊಕ್ಕಿತು. ತಟ್ಟೆಯ ಜೊತೆಯಲ್ಲಿ ಅದನ್ನು ನುಡಿಸಲು ಬೇಕಾದ ಸೂಜಿಯನ್ನೂ ಇಟ್ಟಿದ್ದಾರೆ.