ಶಂಕರ್ ನಾಗ್

ಶಂಕರ್ ನಾಗ್ (ನವೆಂಬರ್ 9, 1954 – ಸೆಪ್ಟೆಂಬರ್ 30, 1990) ಕನ್ನಡದ ಚಲನಚಿತ್ರ ನಟ, ನಿರ್ದೇಶಕ, ನಿರ್ಮಾಪಕ ಹಾಗೂ ರಂಗಕರ್ಮಿ. ಕನ್ನಡ ನಾಡಿನಲ್ಲಿ ಅವರನ್ನು 'ಆಟೋ ರಾಜ'ನೆಂದು ನೆನೆಯುವವರೇ ಹೆಚ್ಚು. ನಾಡಿನ ಹೊರಗೆ ಅವರ ಹೆಸರು ಉಳಿದಿರುವುದು ಆರ್. ಕೆ. ನಾರಾಯಣ್ ಅವರ ಕಥೆಗಳನ್ನು ಆಧರಿಸಿದ 'ಮಾಲ್ಗುಡಿ ಡೇಸ್' ದೂರದರ್ಶನ ಧಾರಾವಾಹಿಯಿಂದ. ಅದರ ಮಾತುಗಳು ಕನ್ನಡದವಲ್ಲ. ಆದರೂ ಹಿಂದಿ ಅರಿಯದ ಮನೆಗಳಲ್ಲಿ ಅದು ನೆಲೆಯೂರಿತು. ಇದರಲ್ಲಿ ಎಲ್. ವೈದ್ಯನಾಥನ್ ಅವರ ಹಿನ್ನೆಲೆ ಸಂಗೀತದ ಪಾಲು ದೊಡ್ಡದು.

ಜನನ ಮತ್ತು ಹಿನ್ನೆಲೆ

ಶಂಕರ್ ಜನಿಸಿದ್ದು ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ಸಮೀಪದ ಮಲ್ಲಾಪುರದಲ್ಲಿ. ತಂದೆ ಸದಾನಂದ ನಾಗರಕಟ್ಟೆ, ತಾಯಿ ಆನಂದಿ. ಖ್ಯಾತ ನಟ ಅನಂತ್ ನಾಗ್ ಇವರ ಅಣ್ಣ. ಮನೆಮಾತು ಕೊಂಕಣಿ. ಇವರ ಕುಟುಂಬ ಸೇರಿದ ಚಿತ್ರಾಪುರ ಸಾರಸ್ವತ ಸಮಾಜದ ಗುರುಮಠವು ಭಟ್ಕಳ ತಾಲ್ಲೂಕಿನ ಶಿರಾಲಿಯಲ್ಲಿದೆ.

ಭಟ್ಕಳ, ಹೊನ್ನಾವರ, ಕುಮಟಾಗಳ ಈ ಕರಾವಳಿಯಲ್ಲಿ ಒಂದೇ ಪೇಟೆಯೊಳಗೆ ಕನ್ನಡ, ಕೊಂಕಣಿ, ನವಾಯತಿಗಳು ಕಿವಿಗೆ ಬೀಳುತ್ತವೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಜಿಲ್ಲೆಯು ಮುಂಬಯಿ ರಾಜ್ಯಕ್ಕೆ ಸೇರಿದ್ದುದರಿಂದ ವಿದ್ಯೆಗಾಗಿ, ಉದ್ಯೋಗಕ್ಕಾಗಿ ಮುಂಬಯಿಗೆ ಹೋಗುವುದು ಇಲ್ಲಿನವರಿಗೆ ವಾಡಿಕೆಯಾಗಿತ್ತು. ಇದು ಯಕ್ಷಗಾನದ ಸೀಮೆಯೂ ಹೌದು. ಚಂಡೆಯ ಪೆಟ್ಟು ಕೇಳಿದೊಡನೆ, ವೇಷವು ರಂಗಕ್ಕೆ ಬರುವ ಮೊದಲೇ, ಬರಲಿರುವವನ ಗತ್ತನ್ನು ಊಹಿಸಬಲ್ಲ ಪ್ರೇಕ್ಷಕರು ಇಲ್ಲಿದ್ದಾರೆ. ಮಾತಿಗಿಂತ ಮೊದಲು ನಾದವು ಭಾವವನ್ನು ತಿಳಿಸುವುದು ಈ ನೆಲಕ್ಕೆ ಹೊಸತೇನಲ್ಲ.

ರಂಗಭೂಮಿ ಮತ್ತು ಚಲನಚಿತ್ರ

ವಿದ್ಯಾಭ್ಯಾಸದ ಬಳಿಕ ಶಂಕರ್ ಮುಂಬಯಿಯಲ್ಲಿ ಬ್ಯಾಂಕ್ ನೌಕರಿಯಲ್ಲಿದ್ದು ಮರಾಠಿ ರಂಗಭೂಮಿಯಲ್ಲಿ ತೊಡಗಿಸಿಕೊಂಡರು. ಮುಂದೆ ಇವರ ಪತ್ನಿಯಾದ ಅರುಂಧತಿಯವರ ಪರಿಚಯವಾದದ್ದು ಅಲ್ಲಿಯೇ. ಗಿರೀಶ್ ಕಾರ್ನಾಡರು ನಿರ್ದೇಶಿಸಿದ 'ಒಂದಾನೊಂದು ಕಾಲದಲ್ಲಿ' (1978) ಚಿತ್ರದ ಮೂಲಕ ಕನ್ನಡ ಚಿತ್ರರಂಗ ಪ್ರವೇಶಿಸಿದರು. ಆ ಪಾತ್ರಕ್ಕೆ ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ದೊರೆಯಿತು. ನಿರ್ದೇಶಕರಾಗಿ ಮೊದಲ ಚಿತ್ರ 'ಮಿಂಚಿನ ಓಟ' (1980). 'ಆಟೋ ರಾಜ', 'ಸಾಂಗ್ಲಿಯಾನ' ಮುಂತಾದ ಜನಪ್ರಿಯ ಚಿತ್ರಗಳಲ್ಲಿ ನಟಿಸುತ್ತಲೇ 'ಆಕ್ಸಿಡೆಂಟ್'ನಂಥ ಚಿತ್ರವನ್ನೂ ನಿರ್ದೇಶಿಸಿದರು.

ಧ್ವನಿಯ ವಿಷಯದಲ್ಲಿ ಅವರಿಗೆ ವಿಶೇಷ ಕಾಳಜಿಯಿತ್ತು. ಕನ್ನಡ ಚಿತ್ರಗಳ ಧ್ವನಿಮುದ್ರಣಕ್ಕೆ ಮದರಾಸನ್ನು ಅವಲಂಬಿಸಬೇಕಿದ್ದ ಕಾಲದಲ್ಲಿ ಬೆಂಗಳೂರಿನಲ್ಲಿ 'ಸಂಕೇತ್ ಎಲೆಕ್ಟ್ರಾನಿಕ್ಸ್' ಧ್ವನಿಮುದ್ರಣ ಸ್ಟುಡಿಯೊ ಸ್ಥಾಪಿಸಿದರು. ಅವರು ನಿರ್ದೇಶಿಸಿದ 'ಗೀತಾ' (1981) ಚಿತ್ರಕ್ಕೆ ಇಳಯರಾಜಾ ಸಂಯೋಜಿಸಿದ ಯುಗಳಗೀತೆಯೊಂದರ ಧಾಟಿ 2007ರಲ್ಲಿ ಹಿಂದಿಯ 'ಚೀನಿ ಕಮ್' ಚಿತ್ರದಲ್ಲಿ ಬೇರೆ ಮಾತುಗಳನ್ನು ತೊಟ್ಟು ಮತ್ತೆ ಬಂತು. ಸಾಹಿತ್ಯ ಗಡಿಯಲ್ಲೇ ಉಳಿಯಿತು, ಧಾಟಿ ದಾಟಿತು.

ಮಾಲ್ಗುಡಿ ಡೇಸ್

ಟಿ. ಎಸ್. ನರಸಿಂಹನ್ ನಿರ್ಮಿಸಿದ ಈ ಧಾರಾವಾಹಿಯ 39 ಕಂತುಗಳನ್ನು ಶಂಕರ್ ನಿರ್ದೇಶಿಸಿದರು. 1980ರ ದಶಕದ ಉತ್ತರಾರ್ಧದಲ್ಲಿ ದೂರದರ್ಶನವು ಇದನ್ನು ದೇಶಾದ್ಯಂತ ಪ್ರಸಾರ ಮಾಡಿತು. ಚಿತ್ರೀಕರಣದ ಬಹುಭಾಗ ಮಲೆನಾಡಿನ ಆಗುಂಬೆಯಲ್ಲಿ ನಡೆಯಿತು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅವನ ತಂದೆಯಾಗಿ ಗಿರೀಶ್ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ ನಟಿಸಿದರು. ಎಸ್. ರಾಮಚಂದ್ರ ಛಾಯಾಗ್ರಾಹಕರು, ಜಾನ್ ದೇವರಾಜ್ ಕಲಾ ನಿರ್ದೇಶಕರು. ಶೀರ್ಷಿಕೆಯಲ್ಲಿ ಕಾಣುವ ರೇಖಾಚಿತ್ರಗಳು ಆರ್. ಕೆ. ಲಕ್ಷ್ಮಣ್ ಅವರವು.

ಭಾಷೆಯ ದೃಷ್ಟಿಯಿಂದ ಇದೊಂದು ವಿಚಿತ್ರ ಸಂಗಮ. ಇಂಗ್ಲಿಷಿನಲ್ಲಿ ಬರೆದ ಕಥೆ, ಅದರೊಳಗೆ ದಕ್ಷಿಣ ಭಾರತದ ಕಲ್ಪಿತ ಊರು, ಚಿತ್ರೀಕರಣಕ್ಕೆ ಕನ್ನಡದ ನೆಲ, ಬಹುಮಟ್ಟಿಗೆ ಕನ್ನಡದ ಕಲಾವಿದರು, ಆಡುವ ಮಾತು ಹಿಂದಿ. ಮೊದಲ 13 ಕಂತುಗಳು ಹಿಂದಿಯ ಜೊತೆಗೆ ಇಂಗ್ಲಿಷಿನಲ್ಲೂ ತಯಾರಾದವು. ಕರ್ನಾಟಕದ ಹಳ್ಳಿಪೇಟೆಗಳಲ್ಲಿ ಆಗ ಹಿಂದಿಯನ್ನು ಸಲೀಸಾಗಿ ಅರ್ಥಮಾಡಿಕೊಳ್ಳುವವರು ಕಡಿಮೆ. ತಮ್ಮದೇ ಊರಿನಂತೆ ಕಾಣುವ ಮನೆ, ಜಗಲಿ, ಮಳೆಯ ನಡುವೆ ಅಪರಿಚಿತ ಮಾತು ಕೇಳಿಸುತ್ತಿತ್ತು.

ಈ ಅಂತರವನ್ನು ತುಂಬಿದವರು ವೈದ್ಯನಾಥನ್. ಪಿಟೀಲು ವಿದ್ವಾಂಸ ವಿ. ಲಕ್ಷ್ಮೀನಾರಾಯಣ ಅವರ ಪುತ್ರರೂ ಎಲ್. ಸುಬ್ರಮಣ್ಯಂ, ಎಲ್. ಶಂಕರ್ ಅವರ ಸಹೋದರರೂ ಆದ ಇವರು 'ಅಪರಿಚಿತ' (1978) ಚಿತ್ರದಿಂದಲೇ ಕನ್ನಡಿಗರಿಗೆ ಪರಿಚಿತರು. ಮಾಲ್ಗುಡಿಯ ಶೀರ್ಷಿಕೆಗೆ ಅವರು ಕೊಟ್ಟದ್ದು ಸಾಹಿತ್ಯವಿಲ್ಲದ ಗುನುಗು. ಅರ್ಥವೇ ಇಲ್ಲದ ಅಕ್ಷರಗಳಾದ್ದರಿಂದ ಅದನ್ನು ಯಾವ ಭಾಷೆಗೂ ಅನುವಾದಿಸಬೇಕಾಗಲಿಲ್ಲ. ಮಕ್ಕಳು ಒಮ್ಮೆ ಕೇಳಿ ಹಾಡಿಕೊಳ್ಳಬಲ್ಲಷ್ಟು ಸರಳವಾದ ಈ ಸ್ವರವು ಕೇರಿಯಲ್ಲಿ ಓಡುವ ಹುಡುಗನ ಹೆಜ್ಜೆಯಂತೆ ಚುರುಕಾಗಿದೆ. ಒಂದು ಊರಿಗೆ ಒಂದು ಗುನುಗನ್ನೇ ವಿಳಾಸವಾಗಿಸಿದ ಇಂಥ ಉದಾಹರಣೆ ಭಾರತೀಯ ಕಿರುತೆರೆಯಲ್ಲಿ ವಿರಳ.

ಕುದುರೆ ಮತ್ತು ಎರಡು ಆಡುಗಳ ಕಥೆಯಲ್ಲಿ ಭಾಷೆಯ ತೊಡಕೇ ವಸ್ತು. ಇಂಗ್ಲಿಷ್ ಬಾರದ ಬಡ ಮುದುಕ ಮುನಿ, ತಮಿಳು ಬಾರದ ಅಮೆರಿಕನ್ ಪ್ರವಾಸಿ. ಒಬ್ಬನು ಮಣ್ಣಿನ ಕುದುರೆಯ ವಿಗ್ರಹವನ್ನು ಕೊಂಡೆನೆಂದು ತಿಳಿದರೆ, ಇನ್ನೊಬ್ಬನು ತನ್ನ ಆಡುಗಳನ್ನು ಮಾರಿದೆನೆಂದು ಸಂತೋಷಪಡುತ್ತಾನೆ. ಇಬ್ಬರ ಮಾತೂ ಪರಸ್ಪರ ತಾಗುವುದಿಲ್ಲ. ಹಿಂದಿ ತಿಳಿಯದೆ ಧಾರಾವಾಹಿ ನೋಡುತ್ತಿದ್ದ ಕನ್ನಡ ಪ್ರೇಕ್ಷಕನ ಸ್ಥಿತಿಯೂ ಇದಕ್ಕಿಂತ ಬಹಳ ಬೇರೆಯಾಗಿರಲಿಲ್ಲ. ಅವನಿಗೆ ಮುಖಭಾವದ ಜೊತೆಗೆ ಸಂಗೀತದ ಆಸರೆಯಿತ್ತು, ಅಷ್ಟೇ.

ಆದರೆ ಸಂಗೀತವೂ ಎಲ್ಲ ಭಾವಗಳನ್ನು ಸಮನಾಗಿ ದಾಟಿಸುವುದಿಲ್ಲ. ಹಿಂದೂಸ್ತಾನಿ ರಾಗಗಳ ಪರಿಚಯವಿಲ್ಲದ ಪಾಶ್ಚಾತ್ಯ ಕೇಳುಗರನ್ನು ಕುರಿತು ಬಾಲ್ಕ್‌ವಿಲ್ ಮತ್ತು ಥಾಂಪ್ಸನ್ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹರ್ಷ, ದುಃಖ, ಕೋಪಗಳು ಗುರುತಿಗೆ ಸಿಕ್ಕವು. ಶಾಂತಭಾವ ಮಾತ್ರ ಅಷ್ಟು ಸುಲಭವಾಗಿ ಸಿಗಲಿಲ್ಲ. ಮಾಲ್ಗುಡಿಯ ನಿಜವಾದ ಗುಣವೇ ಅಂಥ ಶಾಂತಿ. ಅದನ್ನು ತಲುಪಿಸಲು ಶಂಕರ್ ಸಂಗೀತವೊಂದನ್ನೇ ನೆಚ್ಚದೆ ಅವಸರವಿಲ್ಲದ ದೃಶ್ಯಗಳನ್ನೂ ಮಲೆನಾಡಿನ ಮಂದ ಬೆಳಕನ್ನೂ ಬಳಸಿಕೊಂಡರು.

ಇದೇ ವೈದ್ಯನಾಥನ್ 1987ರಲ್ಲಿ ಸಿಂಗೀತಂ ಶ್ರೀನಿವಾಸರಾವ್ ನಿರ್ದೇಶಿಸಿ, ಬೆಂಗಳೂರಿನಲ್ಲಿ ಚಿತ್ರಿತವಾದ 'ಪುಷ್ಪಕ ವಿಮಾನ' ಎಂಬ ಮಾತಿಲ್ಲದ ಚಿತ್ರಕ್ಕೂ ಸಂಗೀತ ನೀಡಿದರು. ಅಲ್ಲಿ ಭಾಷೆಯ ಜಾಗದಲ್ಲಿ ಹಿನ್ನೆಲೆ ಸಂಗೀತವೇ ನಿಂತಿತು.

ಡಬ್ಬಿಂಗ್‌ಗೆ ಕನ್ನಡದಲ್ಲಿ ದಶಕಗಳ ಕಾಲ ಪ್ರಬಲ ವಿರೋಧವಿದ್ದ ಕಾರಣ ಕನ್ನಡಿಗನೇ ನಿರ್ದೇಶಿಸಿದ ಈ ಕೃತಿ ಬಹುಕಾಲ ಕನ್ನಡದಲ್ಲಿ ಮಾತನಾಡಲಿಲ್ಲ. 2020ರಲ್ಲಿ ಅದು ಕನ್ನಡಕ್ಕೆ ಡಬ್ ಆಗಿ ಕಿರುತೆರೆಗೆ ಬಂದಾಗ ಶಂಕರ್ ತೀರಿಕೊಂಡು ಮೂವತ್ತು ವರ್ಷಗಳಾಗಿದ್ದವು. ನಡುವೆ, 2000ದ ದಶಕದಲ್ಲಿ, ಕವಿತಾ ಲಂಕೇಶ್ ನಿರ್ದೇಶನದಲ್ಲಿ ಇನ್ನೂ 15 ಕಂತುಗಳು ತಯಾರಾಗಿದ್ದವು.

ನಿಧನ ಮತ್ತು ನೆನಪು

'ಜೋಕುಮಾರಸ್ವಾಮಿ' ಚಿತ್ರದ ಚಿತ್ರೀಕರಣಕ್ಕೆ ತೆರಳುತ್ತಿದ್ದಾಗ ದಾವಣಗೆರೆ ಸಮೀಪದ ಆನಗೋಡಿನ ಬಳಿ ಸಂಭವಿಸಿದ ಕಾರು ಅಪಘಾತದಲ್ಲಿ ಶಂಕರ್ ನಿಧನರಾದರು. ಆಗ ಅವರಿಗೆ 35 ವರ್ಷ. ಪತ್ನಿ ಅರುಂಧತಿ ಮತ್ತು ಪುತ್ರಿ ಕಾವ್ಯಾ ಅಪಘಾತದಿಂದ ಪಾರಾದರು. ಅರುಂಧತಿಯವರ ಪರಿಶ್ರಮದಿಂದ 2004ರಲ್ಲಿ ಬೆಂಗಳೂರಿನ ಜೆ. ಪಿ. ನಗರದಲ್ಲಿ 'ರಂಗಶಂಕರ' ರಂಗಮಂದಿರ ಆರಂಭವಾಯಿತು. ರಾಜ್ಯದ ಆಟೋರಿಕ್ಷಾಗಳ ಮೇಲೆ ಇವರ ಚಿತ್ರವನ್ನು ಇಂದಿಗೂ ಕಾಣಬಹುದು. ಧಾರಾವಾಹಿಯಲ್ಲಿ ಮಾಲ್ಗುಡಿ ನಿಲ್ದಾಣವಾಗಿ ಕಾಣಿಸಿಕೊಂಡದ್ದು ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣ. ಅಲ್ಲಿನ ಹಳೆಯ ಕಟ್ಟಡವನ್ನು ರೈಲ್ವೆ ಇಲಾಖೆಯು ಜಾನ್ ದೇವರಾಜ್ ಅವರ ನೆರವಿನಿಂದ ನವೀಕರಿಸಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಗಿ ತೆರೆದಿದೆ.