ಡ್ರಿಲ್ ಮಾಸ್ತರರ ರಾಮಾಯಣ

ಮಕ್ಕಳೇ, ನಿಮ್ಮನ್ನು ಮೈದಾನಕ್ಕೆ ಕರೆದೊಯ್ದು ಸಾಲಾಗಿ ನಿಲ್ಲಿಸಿ, ಕೈಕಾಲು ಆಡಿಸಿ, ಓಡಿಸಿ ಬೆವರಿಳಿಸುವ ಒಬ್ಬ ಮೇಷ್ಟ್ರು ನಿಮ್ಮ ಶಾಲೆಯಲ್ಲೂ ಇರಬೇಕು. ಅವರು ಸಂಜೆ ಮನೆಗೆ ಹೋಗಿ, ಯಾರಿಗೂ ಗೊತ್ತಾಗದ ಹಾಗೆ, ಪಂಪನೆಂಬ ಹಳೆಯ ಕವಿಯ ಕಾಲದ ಕನ್ನಡದಲ್ಲಿ ರಾಮಾಯಣ ಬರೆಯುತ್ತಾರೆ ಎಂದರೆ ನಂಬುತ್ತೀರಾ? ಉಡುಪಿಯಲ್ಲಿ ಅಂಥವರೊಬ್ಬರಿದ್ದರು. ಹೆಸರು ಲಕ್ಷ್ಮೀನಾರಣಪ್ಪ. ಅಮ್ಮ ಮುದ್ದಿನಿಂದ ಕರೆಯುತ್ತಿದ್ದ ಹೆಸರು ಮುದ್ದಣ. ಕನ್ನಡಿಗರಿಗೆ ನೆನಪಿರುವುದು ಆ ಎರಡನೆಯ ಹೆಸರೇ.

ಅವರು ಹುಟ್ಟಿದ್ದು 1870ರ ಜನವರಿ 24ರಂದು, ಕಾರ್ಕಳದ ಹತ್ತಿರದ ನಂದಳಿಕೆಯಲ್ಲಿ. ತಂದೆ ಪಾಟಾಳಿ ತಿಮ್ಮಪ್ಪಯ್ಯ, ತಾಯಿ ಮಹಾಲಕ್ಷ್ಮಮ್ಮ. ನಂದಳಿಕೆ ಇವತ್ತಿಗೂ ಸಣ್ಣ ಊರು. ಆದರೆ ಕಥೆಗೆ ಅಲ್ಲಿ ಬರವಿಲ್ಲ. ಊರಿನ ಮಹಾಲಿಂಗೇಶ್ವರ ದೇವಸ್ಥಾನದಲ್ಲಿ ವರ್ಷಕ್ಕೊಮ್ಮೆ ರಾತ್ರಿಯಿಡೀ ಸಿರಿ ಜಾತ್ರೆ ನಡೆಯುತ್ತದೆ. ಸಿರಿ ಎಂದರೆ ಪಾಡ್ದನ ಎಂಬ ತುಳುವಿನ ದೊಡ್ಡ ಹಾಡುಗತೆಯೊಂದರ ನಾಯಕಿ. ಮಳೆಗಾಲ ಮುಗಿದರೆ ಬಯಲಲ್ಲಿ ಯಕ್ಷಗಾನ. ಚೆಂಡೆ ಕೇಳಿದ ಕಡೆಗೆ ಊರಿಗೆ ಊರೇ ಹೊರಡುತ್ತದೆ. ಹೀಗೆ ಅಲ್ಲಿಯ ಹುಡುಗರಿಗೆ ರಾಮ, ಕೃಷ್ಣ, ರಾವಣರೆಲ್ಲ ಪುಸ್ತಕಕ್ಕಿಂತ ಮೊದಲು ಬಣ್ಣ ಹಚ್ಚಿ, ಕಿರೀಟ ಇಟ್ಟು, ಗೆಜ್ಜೆ ಕಟ್ಟಿಕೊಂಡೇ ಪರಿಚಯವಾಗುತ್ತಾರೆ.

ಮನೆಯಲ್ಲಿ ಬಡತನ. ಓದು ಹೆಚ್ಚು ಮುಂದುವರಿಯಲಿಲ್ಲ. ಮೈಕಟ್ಟು ಚೆನ್ನಾಗಿತ್ತು, ಕಸರತ್ತಿನಲ್ಲಿ ಆಸಕ್ತಿಯಿತ್ತು. ವ್ಯಾಯಾಮ ಶಿಕ್ಷಕರ ತರಬೇತಿಗೆಂದು ಮದ್ರಾಸಿಗೆ ಹೋದರು. ಈ ಮಾತನ್ನು ಈಗ ಒಂದೇ ಉಸಿರಿನಲ್ಲಿ ಹೇಳಿಬಿಡಬಹುದು. ಆದರೆ ಮಂಗಳೂರಿಗೆ ರೈಲು ಬಂದದ್ದೇ 1907ರಲ್ಲಿ. ಅದಕ್ಕಿಂತ ಎಷ್ಟೋ ಮೊದಲು ಕರಾವಳಿಯ ಬಡ ಹುಡುಗನೊಬ್ಬ ಹೊಳೆಗಳನ್ನು ದೋಣಿಯಲ್ಲಿ ದಾಟುತ್ತ ಅಷ್ಟು ದೂರ ಹೊರಟದ್ದೆಂದರೆ ಸಾಮಾನ್ಯವಲ್ಲ. ನಿಮ್ಮ ಅಪ್ಪ ಅಮ್ಮ ಮೊದಲ ಸಲ ವಿಮಾನ ಹತ್ತಿದಾಗಿನ ಎದೆಬಡಿತದ ಕಥೆ ಹೇಳಿದರೆ, ಇದನ್ನೂ ಅವರಿಗೆ ನೆನಪಿಸಿ.

ತರಬೇತಿ ಮುಗಿಸಿ ಬಂದವರು ಕುಂದಾಪುರ, ಉಡುಪಿಗಳ ಶಾಲೆಗಳಲ್ಲಿ ಡ್ರಿಲ್ ಮಾಸ್ತರರಾದರು. ಶಾಲೆಯಲ್ಲಿ ಸಂಸ್ಕೃತ, ಇಂಗ್ಲಿಷ್ ಕಲಿಸುವವರಿಗೆ ಇದ್ದ ಮರ್ಯಾದೆ ಡ್ರಿಲ್ ಮಾಸ್ತರರಿಗೆ ಇರುತ್ತಿರಲಿಲ್ಲ. ಈಗಲೂ ಎಷ್ಟು ಕಡೆ ಇದೆಯೋ ನೀವೇ ಹೇಳಿ. ಆದರೆ ಈ ಮಾಸ್ತರರಿಗೆ ಮಳಲಿ ಸುಬ್ಬರಾಯರೆಂಬ ವಿದ್ವಾಂಸರ ಸ್ನೇಹ ಸಿಕ್ಕಿತು. ಅವರ ಒಡನಾಟದಲ್ಲಿ ಸಂಸ್ಕೃತವನ್ನೂ ಹಳಗನ್ನಡ ಕಾವ್ಯಗಳನ್ನೂ ಓದಿದರು. ಹಗಲು ಮೈದಾನ, ರಾತ್ರಿ ದೀಪದ ಬೆಳಕಿನಲ್ಲಿ ಹಳೆಯ ಕಾವ್ಯ. ಮೊದಲು ಬರೆದದ್ದು ‘ರತ್ನಾವತಿ ಕಲ್ಯಾಣ’, ‘ಕುಮಾರ ವಿಜಯ’ ಎಂಬ ಯಕ್ಷಗಾನ ಪ್ರಸಂಗಗಳನ್ನು. ‘ಕುಮಾರ ವಿಜಯ’ವನ್ನು ಮೇಳಗಳು ಈಗಲೂ ಆಡುತ್ತವೆ. ರಜೆಯಲ್ಲಿ ಅಜ್ಜಿ ಮನೆಗೆ ಹೋದಾಗ ಎಲ್ಲಾದರೂ ಆಟವಿದ್ದರೆ ನಿದ್ದೆಗೆಟ್ಟು ನೋಡಬಹುದು.

ಆಮೇಲೆ ಬಂದವು ಮೂರು ರಾಮಕಥೆಗಳು: ‘ಅದ್ಭುತ ರಾಮಾಯಣ’, ‘ಶ್ರೀರಾಮ ಪಟ್ಟಾಭಿಷೇಕ’, ‘ಶ್ರೀರಾಮಾಶ್ವಮೇಧ’. ಮೂವತ್ತೊಂದೇ ವರ್ಷ ಬದುಕಿದ ಮನುಷ್ಯ ಮೂರು ಸಲ ರಾಮನ ಹತ್ತಿರಕ್ಕೇ ಹೋಗಿದ್ದಾರೆ ಎಂದರೆ ಅದು ಬರೀ ಪಾಂಡಿತ್ಯ ತೋರಿಸುವ ಆಸೆಯಲ್ಲ, ಭಕ್ತಿ. ಆದರೆ ಅವರ ಭಕ್ತಿ ಮುಖ ಗಂಟಿಕ್ಕಿಕೊಂಡ ಭಕ್ತಿಯಲ್ಲ. ದೇವರ ಕಥೆ ಹೇಳುವಾಗ ನಗಬಾರದು, ನಡುವೆ ಮಾತಾಡಬಾರದು ಎಂದು ಯಾರಾದರೂ ನಿಮ್ಮನ್ನು ಗದರಿಸಿದ್ದರೆ, ‘ಶ್ರೀರಾಮಾಶ್ವಮೇಧ’ದ ಮೊದಲ ಪುಟಗಳನ್ನು ಅವರಿಗೆ ತೋರಿಸಿ.

ಆ ಪುಟಗಳಲ್ಲಿ ಏನಿದೆ? ಮಳೆಗಾಲ ಶುರುವಾಗಿದೆ. ಮುದ್ದಣ ಎಂಬ ಕವಿ ಅರಮನೆಯಿಂದ ಮನೆಗೆ ಬರುತ್ತಾನೆ. (ನೋಡಿದಿರಾ, ಪುಸ್ತಕದಲ್ಲಿ ನಮ್ಮ ಡ್ರಿಲ್ ಮಾಸ್ತರರು ತಮಗೆ ರಾಜನ ಆಸ್ಥಾನದಲ್ಲಿ ಕೆಲಸ ಕೊಡಿಸಿಕೊಂಡಿದ್ದಾರೆ! ಬರೆಯುವವರಿಗೆ ಇಷ್ಟಾದರೂ ಸ್ವಾತಂತ್ರ್ಯ ಬೇಡವೇ?) ಹೆಂಡತಿ ಮನೋರಮೆ ಉಪಚಾರ ಮಾಡುತ್ತಾಳೆ. ಆಮೇಲೆ, ಹೊತ್ತು ಹೋಗುವುದಿಲ್ಲ, ಒಂದು ಒಳ್ಳೆಯ ಕಥೆ ಹೇಳು ಎನ್ನುತ್ತಾಳೆ. ಅವನು ಯಾವ ಯಾವುದೋ ರಾಜರ ಕಥೆಗಳ ಹೆಸರು ಹೇಳುತ್ತಾನೆ. ಒಂದೊಂದಕ್ಕೂ ಅವಳದು ಬೇಡವೇ ಬೇಡ. ಕೊನೆಗೆ ರಾಮನ ಅಶ್ವಮೇಧದ ಕಥೆ ಆಗಬಹುದು ಎನ್ನುತ್ತಾಳೆ. ಸರಿ, ಪದ್ಯದಲ್ಲಿ ಹೇಳಲೋ, ಗದ್ಯದಲ್ಲೋ? ಪದ್ಯದ ಸಹವಾಸ ಬೇಡ, ಗದ್ಯವೇ ಮನಸ್ಸಿಗೆ ಹಿತ ಎಂದು ಅವಳ ತೀರ್ಪು. ಪದ್ಯವೇ ದೊಡ್ಡದು ಎಂದು ಪಂಡಿತರೆಲ್ಲ ನಂಬಿದ್ದ ಕಾಲದಲ್ಲಿ ಮನೆಯ ಹೆಂಗಸೊಬ್ಬಳು ಈ ಮಾತು ಆಡುತ್ತಾಳೆ, ಕವಿ ಒಪ್ಪಿಕೊಳ್ಳುತ್ತಾನೆ!

ಕಥೆ ಹೇಳಿದರೆ ನನಗೇನು ಬಹುಮಾನ ಎಂದು ಅವನು ಕೇಳುತ್ತಾನೆ. ನನ್ನನ್ನೇ ಕೊಡುತ್ತೇನೆ ಎಂದು ಅವಳು. ನಿನ್ನನ್ನು ನಿನ್ನಪ್ಪ ಆಗಲೇ ಕೊಟ್ಟಾಗಿದೆಯಲ್ಲ ಎಂದು ಅವನು. ಇಷ್ಟೆಲ್ಲ ಚೌಕಾಸಿ ಮುಗಿದು ಕವಿ ಗಂಟಲು ಸರಿಮಾಡಿಕೊಂಡು ಉದ್ದುದ್ದ ಸಂಸ್ಕೃತ ಪದಗಳಲ್ಲಿ ಆರಂಭಿಸಿದರೆ, ಅವಳು ತಡೆದು ನಿಲ್ಲಿಸುತ್ತಾಳೆ. ನನಗೆ ಅರ್ಥವಾಗುವ ಹಾಗೆ, ತಿರುಳ್ಗನ್ನಡದಲ್ಲಿ, ಅಂದರೆ ಅಚ್ಚ ಕನ್ನಡದಲ್ಲಿ ಹೇಳು ಎಂದು ಅವಳ ತಗಾದೆ. ಕವಿ ಸೋತು ಮತ್ತೆ ಮೊದಲಿನಿಂದ ಶುರುಮಾಡುತ್ತಾನೆ. ಮುಂದೆಯೂ ಅಷ್ಟೆ, ಕಥೆಯ ನಡುನಡುವೆ ಅವಳು ಬಾಯಿ ಹಾಕುತ್ತಲೇ ಇರುತ್ತಾಳೆ.

ಮನೋರಮೆ ಬರೀ ಕಲ್ಪನೆಯಲ್ಲ ಎಂದು ಓದಿದ ಹಲವರಿಗೆ ಅನ್ನಿಸಿದೆ. ಮಾಸ್ತರರ ಹೆಂಡತಿ ಕಮಲಾಬಾಯಿ, ಘಟ್ಟದ ಮೇಲಿನ ಶಿವಮೊಗ್ಗ ಸೀಮೆಯವರು. ಮದುವೆಯಾದದ್ದು 1893ರಲ್ಲಿ. ಒಬ್ಬ ಮಗ, ರಾಧಾಕೃಷ್ಣ. ಕಮಲಾಬಾಯಿಯವರು ನಿಜವಾಗಿ ಹೀಗೆಯೇ ಮಾತಾಡುತ್ತಿದ್ದರೋ ಇಲ್ಲವೋ, ಗಂಡ ಹೆಂಡತಿ ಹೀಗೆ ಸಮಸಮವಾಗಿ ಕೂತು ಹರಟುವುದರ ರುಚಿ ಗೊತ್ತಿಲ್ಲದವರು ಆ ಪುಟಗಳನ್ನು ಬರೆಯಲಾರರು. ನನ್ನ ಮಟ್ಟಿಗೆ ರಾಮಾಯಣದ ಯುದ್ಧಗಳಿಗಿಂತ ಗಂಡ ಹೆಂಡತಿಯ ಈ ಮಾತುಕತೆಯೇ ಪುಸ್ತಕದ ಜೀವ.

ಹಾಗೆಂದು ಒಳಗಿನ ಕಥೆ ಸಪ್ಪೆಯಲ್ಲ. ಅದು ಪದ್ಮಪುರಾಣದಿಂದ ಬಂದದ್ದು. ರಾವಣನನ್ನು ಕೊಂದದ್ದಕ್ಕೆ ರಾಮನಿಗೆ ಸಂತೋಷವಿಲ್ಲ; ರಾವಣ ಪುಲಸ್ತ್ಯ ಋಷಿಯ ವಂಶದವನು, ಅವನನ್ನು ಕೊಂದ ಪಾಪ ತಟ್ಟಿತಲ್ಲ ಎಂಬ ಚಿಂತೆ. ಅಗಸ್ತ್ಯರು ಅಶ್ವಮೇಧ ಮಾಡು ಎನ್ನುತ್ತಾರೆ. ಯಾಗದ ಕುದುರೆ ದೇಶ ತಿರುಗಲು ಹೊರಡುತ್ತದೆ, ಹಿಂದೆ ಶತ್ರುಘ್ನ, ಹನುಮಂತ, ದೊಡ್ಡ ಸೈನ್ಯ. ಎಲ್ಲ ರಾಜರನ್ನೂ ಗೆದ್ದ ಆ ಕುದುರೆಯನ್ನು ಕೊನೆಗೆ ಕಟ್ಟಿಹಾಕಿದವನು ವಾಲ್ಮೀಕಿ ಆಶ್ರಮದ ಒಬ್ಬ ಪುಟ್ಟ ಹುಡುಗ, ಲವ. ತಾನು ಕಟ್ಟಿದ್ದು ತನ್ನಪ್ಪ ರಾಮನ ಕುದುರೆ ಎಂದು ಅವನಿಗೆ ಗೊತ್ತಿಲ್ಲ.

ಇನ್ನು ಮಾಸ್ತರರ ಗುಟ್ಟಿನ ವಿಷಯ. ಬರೆದದ್ದನ್ನು ಮಾಸ್ತರರು ಅಂಚೆಯಲ್ಲಿ ಮೈಸೂರಿಗೆ ಕಳಿಸಿದರು. ಆಗ ಉಡುಪಿ ಮದ್ರಾಸ್ ಪ್ರಾಂತ್ಯದಲ್ಲಿತ್ತು; ಮೈಸೂರು ಬೇರೆಯೇ ಸಂಸ್ಥಾನ. ಅಲ್ಲಿ ರಾಮಾನುಜಯ್ಯಂಗಾರ್ಯರೆಂಬ ವಿದ್ವಾಂಸರು ಹಳೆಯ ಕನ್ನಡ ಕಾವ್ಯಗಳನ್ನು ಅಚ್ಚು ಹಾಕಿಸುತ್ತಿದ್ದರು. ನಾನೇ ಬರೆದೆ ಎಂದು ಮಾಸ್ತರರು ಹೇಳಿಕೊಳ್ಳಲಿಲ್ಲ. ‘ಶ್ರೀರಾಮ ಪಟ್ಟಾಭಿಷೇಕ’ಕ್ಕೆ ತಾಯಿಯ ಹೆಸರನ್ನೇ ಮರೆಯಾಗಿ ಇಟ್ಟುಕೊಂಡರು ಎನ್ನುತ್ತಾರೆ. ಭಾಷೆ ಅಷ್ಟು ಪಳಗಿದ್ದರಿಂದ ಓದಿದವರೂ ಇದು ಯಾರೋ ಹಳೆಯ ಕವಿಯ ಕೆಲಸವೆಂದೇ ಅಂದುಕೊಂಡರು. ಯಾಕೆ ಮುಚ್ಚಿಟ್ಟರು? ಸಂಕೋಚವಿರಬಹುದು. ಡ್ರಿಲ್ ಮಾಸ್ತರನ ಕಾವ್ಯವೆಂದರೆ ಯಾರೂ ತೆರೆದೂ ನೋಡರು ಎಂಬ ಅಂಜಿಕೆಯೂ ಇರಬಹುದು. ನನಗೆ ಎರಡನೆಯದೇ ಹೆಚ್ಚು ಸರಿ ಎನ್ನಿಸುತ್ತದೆ.

ಗುಟ್ಟು ಬಯಲಾಗುವುದನ್ನು ನೋಡಲು ಅವರು ಉಳಿಯಲಿಲ್ಲ. ಕಸರತ್ತು ಮಾಡಿ ಗಟ್ಟಿಯಾಗಿದ್ದ ಮೈಯನ್ನು ಕ್ಷಯ ಹಿಡಿಯಿತು. ಆಗ ಅದಕ್ಕೆ ಮದ್ದಿರಲಿಲ್ಲ. 1901ರ ಫೆಬ್ರುವರಿಯಲ್ಲಿ ತೀರಿಕೊಂಡರು. ಈ ಮುದ್ದಣ ಉಡುಪಿಯ ಲಕ್ಷ್ಮೀನಾರಣಪ್ಪ ಮಾಸ್ತರರೇ ಎಂದು ಲೋಕಕ್ಕೆ ಖಚಿತವಾದದ್ದು ಎಷ್ಟೋ ವರ್ಷಗಳ ಮೇಲೆ.

ದೊಡ್ಡವರಿಗೊಂದು ಮಾತು. ‘ಶ್ರೀರಾಮಾಶ್ವಮೇಧ’ವನ್ನು ಮಕ್ಕಳ ಕೈಗೆ ಕೊಟ್ಟು ಓದು ಎಂದರೆ ಆಗದ ಕೆಲಸ, ಹಳಗನ್ನಡ ನಮಗೇ ತೊಡಕು. ಮೊದಲ ಸಂಭಾಷಣೆಯಷ್ಟನ್ನು ಅರ್ಥ ಬಿಡಿಸಿ ನೀವೇ ಗಟ್ಟಿಯಾಗಿ ಓದಿ ಹೇಳಿ. ಆಮೇಲೆ ಇಬ್ಬರು ಮಕ್ಕಳು ಅದನ್ನು ಈಗಿನ ಕನ್ನಡದಲ್ಲಿ ತಮ್ಮದೇ ಮಾತಿನಲ್ಲಿ ಆಡಲಿ. ರಾಜ್ಯೋತ್ಸವದ ವೇದಿಕೆಗೆ ಹತ್ತು ನಿಮಿಷದ ಒಳ್ಳೆಯ ಪ್ರಹಸನವಾಗುತ್ತದೆ. ಒಂದು ಮಣೆ, ಒಂದು ತಟ್ಟೆ, ತೆರೆಯ ಹಿಂದಿನಿಂದ ಮಳೆಯ ಸದ್ದು, ಇಷ್ಟಿದ್ದರೆ ಸಾಕು. ಮನೋರಮೆಯ ಪಾತ್ರ ಮಾಡುವವರು ಒಂದನ್ನು ಗಮನಿಸಬೇಕು: ಅವಳು ಗಂಡನನ್ನು ಗದರುವುದಿಲ್ಲ, ಕೆಣಕುತ್ತಾಳೆ. ಮುದ್ದಣನಾಗುವವರು ಸೋಲುವುದನ್ನು ಚೆನ್ನಾಗಿ ಅಭ್ಯಾಸ ಮಾಡಿಕೊಳ್ಳಲಿ.