ದೀಪ ಹಿಡಿದ ನೈಟಿಂಗೇಲ್ ಬೈಗುಳವನ್ನೆಲ್ಲ ಸಹಿಸಿಕೊಂಡರೇ?

ಪ್ರತಿ ವರ್ಷ ಮೇ 12 ಬಂತೆಂದರೆ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರ ಓಡಾಡುತ್ತದೆ. ನರ್ಸ್ ಎಂದರೆ ತಾಯಿ, ಯಾರು ಬೈದರೂ ನಗುತ್ತಿರಬೇಕು ಎಂಬ ಉಪದೇಶವೂ ಅದರ ಜೊತೆಗಿರುತ್ತದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಕಾಯಿ ಕೀಳುವಾಗ ಮರದಿಂದ ಬಿದ್ದವರನ್ನು ಆಸ್ಪತ್ರೆಗೆ ತಂದರೆ ಹಿಂದೆಯೇ ಹತ್ತು ಜನ ಬರುತ್ತಾರೆ. ಚಿಕಿತ್ಸೆ ಸ್ವಲ್ಪ ತಡವಾದರೂ ಬೈಗುಳ ಬೀಳುವುದು ಎದುರಿಗೆ ಸಿಕ್ಕ ಸಿಸ್ಟರ್ ಮೇಲೆ. ಅದನ್ನೆಲ್ಲ ನುಂಗಿಕೊಳ್ಳಿ ಎಂದು ನೈಟಿಂಗೇಲ್ ಕಲಿಸಿದರೇ? ಅವರ ಜೀವನವನ್ನೇ ನೋಡೋಣ.

ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ್ದು 1820ರ ಮೇ 12ರಂದು, ಇಂಗ್ಲೆಂಡಿನ ಶ್ರೀಮಂತ ಕುಟುಂಬದಲ್ಲಿ. ನರ್ಸ್ ಆಗುವುದಕ್ಕೆ ಮನೆಯವರ ವಿರೋಧವಿತ್ತು. ಆದರೂ 1851ರಲ್ಲಿ ಜರ್ಮನಿಯಲ್ಲಿ ತರಬೇತಿ ಪಡೆದರು.

1853ರಲ್ಲಿ ಲಂಡನ್ನಿನ ಒಂದು ಚಿಕ್ಕ ಆಸ್ಪತ್ರೆಯ ಮೇಲ್ವಿಚಾರಕಿಯಾದರು. ಅಲ್ಲಿ ಅವರು ಹಟ ಹಿಡಿದು ಕೇಳಿದ್ದು ಏನು ಗೊತ್ತೇ? ಯಾವ ರೋಗಿ ಕರೆಯುತ್ತಿದ್ದಾರೆ ಎಂದು ನರ್ಸ್‌ಗೆ ಕೂಡಲೇ ಗೊತ್ತಾಗುವ ಗಂಟೆ, ಪ್ರತಿ ಮಹಡಿಗೂ ಬಿಸಿನೀರಿನ ಪೈಪು, ಊಟ ಮೇಲೆತ್ತುವ ಲಿಫ್ಟ್. ನರ್ಸ್ ಮೆಟ್ಟಿಲು ಹತ್ತಿ ಇಳಿಯುವುದರಲ್ಲೇ ಸುಸ್ತಾದರೆ ರೋಗಿಯನ್ನು ನೋಡುವವರು ಯಾರು ಎಂಬುದು ಅವರ ಲೆಕ್ಕಾಚಾರ.

1854ರ ನವೆಂಬರ್‌ನಲ್ಲಿ 38 ನರ್ಸ್‌ಗಳೊಂದಿಗೆ ಟರ್ಕಿಯ ಸ್ಕುಟಾರಿ ಸೇನಾ ಆಸ್ಪತ್ರೆಗೆ ಹೋದರು. ಅಲ್ಲಿನ ವೈದ್ಯರಿಗೆ ಇವರು ಬಂದದ್ದೇ ಇಷ್ಟವಿರಲಿಲ್ಲ. ನೈಟಿಂಗೇಲ್ ಜಗಳಕ್ಕೆ ಇಳಿಯಲಿಲ್ಲ. ವೈದ್ಯರು ಕರೆಯುವವರೆಗೆ ವಾರ್ಡಿಗೆ ಕಾಲಿಡಬೇಡಿ ಎಂದು ತಮ್ಮವರಿಗೆ ಹೇಳಿದರು. ಗಾಯಾಳುಗಳು ಹೆಚ್ಚಿದಾಗ ವೈದ್ಯರೇ ಕರೆದರು.

ಇನ್ನು ಆ ದೀಪದ ವಿಷಯ. ರಾತ್ರಿ ಎಂಟರ ನಂತರ ಗಂಡಸರ ವಾರ್ಡುಗಳಿಗೆ ಬೇರೆ ಯಾವ ಹೆಂಗಸೂ ಹೋಗುವಂತಿಲ್ಲ ಎಂದು ಅವರು ನಿಯಮ ಮಾಡಿದ್ದರು. ಆದ್ದರಿಂದಲೇ ದೀಪ ಹಿಡಿದು ಒಬ್ಬರೇ ಸುತ್ತುತ್ತಿದ್ದರು. ಅಂದರೆ ನಾವು ತಾಳ್ಮೆಯ ಗುರುತು ಎಂದುಕೊಂಡ ದೀಪದ ಹಿಂದೆ ಕಟ್ಟುನಿಟ್ಟಿನ ನಿಯಮವೊಂದಿತ್ತು.

ಸೈನಿಕರ ಕುಡಿತಕ್ಕೂ ಅವರು ಬರೀ ಬುದ್ಧಿ ಹೇಳಲಿಲ್ಲ. ಓದುವ ಕೋಣೆ, ಕಾಫಿ ಮನೆ, ಊರಿಗೆ ಹಣ ಕಳಿಸುವ ವ್ಯವಸ್ಥೆ ಮಾಡಿದರು. 1859ರಲ್ಲಿ ಬರೆದ ಶುಶ್ರೂಷೆಯ ಪುಸ್ತಕದಲ್ಲಿ ರೋಗಿಯನ್ನು ಕಾಡುವುದು ಕಾಯುವಿಕೆ, ಅನಿಶ್ಚಿತತೆ, ಭಯ ಎಂದು ವಿವರಿಸಿದರು. ರೋಗಿಯ ಕಿವಿಗೆ ಬೀಳುವಂತೆ ಪಿಸುಗುಟ್ಟುವುದನ್ನೂ ಖಂಡಿಸಿದರು. 1860ರಲ್ಲಿ ಲಂಡನ್ನಿನಲ್ಲಿ ನರ್ಸಿಂಗ್ ಶಾಲೆ ತೆರೆಯಿತು. 1910ರ ಆಗಸ್ಟ್ 13ರಂದು ತೀರಿಕೊಂಡರು.

ಇಂದಿನ ನರ್ಸ್‌ಗಳು ಕಲಿಯುವುದೂ ಇದೇ ದಾರಿಯನ್ನು. ಕೂಗಾಡುವವರ ಎದುರು ದನಿ ಏರಿಸದಿರುವುದು, ಮುಂದೇನಾಗುತ್ತದೆ, ಎಷ್ಟು ಹೊತ್ತಾಗಬಹುದು ಎಂದು ಮೊದಲೇ ಹೇಳುವುದು, ಮನೆಯವರಲ್ಲಿ ಒಬ್ಬರೊಡನೆ ಮಾತ್ರ ಮಾತಾಡುವುದು, ಕೈ ಎತ್ತುವ ಸೂಚನೆ ಕಂಡರೆ ಬಾಗಿಲ ಕಡೆ ಸರಿದು ಸಹಾಯಕ್ಕೆ ಕರೆಯುವುದು. ತಲೆಗೆ ಪೆಟ್ಟು, ಸಕ್ಕರೆ ಅಂಶದ ಕುಸಿತ, ಕುಡಿತ ಬಿಟ್ಟಾಗಿನ ತೊಂದರೆಯಿಂದಲೂ ರೋಗಿ ರೇಗಾಡಬಹುದು. ಅದನ್ನು ಮೊದಲು ಪರೀಕ್ಷಿಸಬೇಕು.

ಹಲ್ಲೆ ಮಾತ್ರ ಸಹಿಸುವ ವಿಷಯವೇ ಅಲ್ಲ. ಕರ್ನಾಟಕದ 2009ರ ಕಾಯ್ದೆಯ ಪ್ರಕಾರ ನರ್ಸ್ ಸೇರಿದಂತೆ ಆಸ್ಪತ್ರೆ ಸಿಬ್ಬಂದಿಯ ಮೇಲಿನ ಹಲ್ಲೆ ಜಾಮೀನುರಹಿತ ಅಪರಾಧ. ಜೈಲು, ದಂಡ ಎರಡೂ ಉಂಟು.

ಮುಂದಿನ ಮೇ 12ಕ್ಕೆ ಆ ಚಿತ್ರ ಬಂದರೆ ಇದನ್ನೂ ಜೊತೆಗೆ ಕಳಿಸಿ. ಆಸ್ಪತ್ರೆಗೆ ಹೋದಾಗ ಸಿಸ್ಟರ್ ಜೊತೆ ಮಾತಾಡಲು ಮನೆಯವರಲ್ಲಿ ಒಬ್ಬರನ್ನು ಗೊತ್ತುಮಾಡಿ, ಉಳಿದವರು ಹೊರಗೆ ನಿಲ್ಲಿ. ನಿಮ್ಮ ರೋಗಿಗೇ ಅದರಿಂದ ಒಳ್ಳೆಯದು.